ಗದ್ದೆ ಅಂಚಲ್ಲಿ ಒಂದೇ ತೂತು, ಹಿಡಿದಷ್ಟೂ ಏಡಿ ಬರ್ತಾವೆ... ಏನಿದು ಕಥೆ?

ಹಾನುಬಾಳ್_ಗದ್ದೆ (ಸೋಮವಾರ, ರಾತ್ರಿ 9:40)

ಎಲ್ರಿಗೂ ನಮಸ್ಕಾರ. ನಮ್ದು ಸಕಲೇಶಪುರ ತಾಲೂಕು ಹಾನುಬಾಳು ಕಡೆ, ಎರಡೂವರೆ ಎಕರೆ ಗದ್ದೆ, ಸುತ್ತಮುತ್ತ ಇರೋರೆಲ್ಲಾ ಹಡ್ಲು ಬಿಟ್ರು ಇಲ್ಲಾ ಶುಂಠಿ ಹಾಕಿದ್ರು, ನಾವು ಮಾತ್ರ ಇನ್ನೂ ಭತ್ತಾನೇ ಹಾಕ್ತಿದೀವಿ, ಅಪ್ಪ ಇರೋ ತನಕ ಹಾಕ್ಲೇಬೇಕು ಅದು ಬೇರೆ ಮಾತು. ವಿಷಯ ಏನಪ್ಪಾ ಅಂದ್ರೆ ಏಡಿ. ಪುನರ್ವಸು ಮಳೆ ಹಿಡೀತು, ನೀರು ಕಟ್ಟಿದ್ವಿ, ಮೇಲಿಂದ ಮೂರನೇ ಗದ್ದೇಲಿ ರಾತ್ರಿ ಮಲಗೋ ಹೊತ್ತಿಗೆ ನೀರು ನಿಂತಿರ್ತದೆ, ಬೆಳಗ್ಗೆ ಹೋಗಿ ನೋಡಿದ್ರೆ ಬರೀ ಕೆಸರು. ನೀರೆಲ್ಲಾ ಕೆಳಗಿನ ಗದ್ದೆಗೆ ಇಳಿದಿರ್ತದೆ. ಹುಡುಕಿದ್ರೆ ಅಂಚಲ್ಲಿ ಒಂದು ತೂತು, ತೂತಿನ ಬಾಯಲ್ಲಿ ಅಡಿಕೆ ಗಾತ್ರದ ಮಣ್ಣಿನ ಉಂಡೆ ಗುಡ್ಡೆ ಹಾಕ್ಕೊಂಡಿದೆ. ಭಾನುವಾರ ಒಂದು ಏಡಿ ಹಿಡಿದೆ, ತೂತು ಮುಚ್ಚಿ ಕೆಸರು ಮೆತ್ತಿದೆ. ಬುಧವಾರ ಅದೇ ಜಾಗದಲ್ಲಿ ಇನ್ನೊಂದು. ಹಿಂಗೇ ಹತ್ತು ದಿನದಲ್ಲಿ ನಾಲ್ಕು ಏಡಿ, ಒಂದೇ ತೂತು, ಅಕ್ಕಪಕ್ಕ ಅಷ್ಟುದ್ದ ಅಂಚು ಬಿದ್ದಿದೆ ಅಲ್ಲಿ ಒಂದೂ ಕೊರೆಯಲ್ಲ.

ಇದೇನು ಒಂದೇ ಸಂಸಾರನಾ? ಇಲ್ಲಾ ಏಡಿಗೂ ನಮ್ ತರ ಗಡಿ ಸರ್ವೆ ನಂಬರ್ ಎಲ್ಲಾ ಇರ್ತದಾ? ಗೊತ್ತಿರೋರು ಹೇಳಿ, ನಾಟಿಗೆ ಇನ್ನು ಎಂಟೇ ದಿನ ಇರೋದು.

ಅರಸೀಕೆರೆ_ಎಕ್ಸ್‌ಪ್ರೆಸ್

ನಮ್ ಕಡೆ ನೀರೇ ಇಲ್ಲ, ನಿಮಗೆ ನೀರು ಸೋರೋ ಚಿಂತೆ. ಆ ನಾಲ್ಕು ಏಡಿ ಏನಾದ್ವು ಅದು ಹೇಳಿ ಮೊದ್ಲು 😄

ಹಾನುಬಾಳ್_ಗದ್ದೆ

ಎರಡು ಸಾರಾದ್ವು. ಒಂದು ಕೈ ಕಚ್ಚಿ ತಪ್ಪಿಸ್ಕೊಳ್ತು. ಇನ್ನೊಂದನ್ನ ಮಗಳು ಬಕೆಟ್‌ನಲ್ಲಿ ಸಾಕ್ತಿದಾಳೆ.

ಕಾಫಿಕಣ್ಣು (ಆಲ್ದೂರು)

ಅಣ್ಣಾ, ಬಸ್ ಸ್ಟ್ಯಾಂಡ್ ಎದುರಿಗಿರೋ ಮಳಿಗೆ ಯಾವತ್ತಾದ್ರೂ ಖಾಲಿ ಇರೋದು ನೋಡಿದೀರಾ? ಒಬ್ಬ ಬಿಟ್ಟ ಅಂದ್ರೆ ಮಾರನೇ ದಿನ ಇನ್ನೊಬ್ಬ ಬೋರ್ಡ್ ಹಾಕಿರ್ತಾನೆ. ನಿಮ್ ತೂತಿನ ಕಥೆನೂ ಅಷ್ಟೇ. ನಾನು ಕಣ್ಣಾರೆ ನೋಡಿದ್ದು ಹೇಳ್ತೀನಿ. ಕೊರೋನಾ ಟೈಮಲ್ಲಿ ತೋಟದ ಕೆರೆ ಪಕ್ಕ ನಾನು ನನ್ ತಂಗಿ ಮಕ್ಕಳು ಸೇರ್ಕೊಂಡು ಒಂಬತ್ತು ಏಡಿ ಹಿಡಿದು ಬೆನ್ನಿಗೆ ನೈಲ್ ಪಾಲಿಶ್ ಹಚ್ಚಿ ಅಲ್ಲೇ ಬಿಟ್ಟಿದ್ವಿ, ಕೆಂಪು, ಗುಲಾಬಿ, ಬೆಳ್ಳಿ ಬಣ್ಣ, ತಂಗಿ ಹತ್ರ ಇದ್ದಿದ್ದೆಲ್ಲಾ ಖಾಲಿ. ಆಮೇಲೆ ರಾತ್ರಿ ಎಂಟರ ಮೇಲೆ ಟಾರ್ಚ್‌ಗೆ ಕೆಂಪು ಜಿಲಟಿನ್ ಕಾಗದ ಕಟ್ಕೊಂಡು ಹೋಗಿ ಕೂರೋದು (ಬಿಳಿ ಬೆಳಕು ಬಿಟ್ರೆ ಪುಸಕ್ ಅಂತ ಒಳಗೆ ಹೋಗ್ಬಿಡ್ತಾವೆ). ಕೆಂಪು ಬೆನ್ನಿಂದು ಹನ್ನೊಂದು ರಾತ್ರಿ ಒಂದೇ ತೂತಿಂದ ಬಂತು, ಒಂದೇ ತೂತಿಗೆ ಹೋಯ್ತು. ದೂರ ಅಂದ್ರೆ ಎರಡು ಮೂರು ಮಾರು, ಎಲೆ ಕೆದಕೋದು, ಸತ್ತ ಹುಳ ತಿನ್ನೋದು, ಸ್ವಲ್ಪ ಸದ್ದಾದ್ರೆ ಸೀದಾ ಮನೆಗೆ ಓಟ. ಹನ್ನೆರಡನೇ ದಿನ ಅದು ಕಾಣ್ಲಿಲ್ಲ, ಯಾವುದೋ ಹಕ್ಕಿ ಹೊಡೀತೋ ಏನೋ. ಅದರ ಮಾರನೇ ರಾತ್ರಿನೇ ಆ ತೂತಲ್ಲಿ ಬಣ್ಣ ಇಲ್ದಿರೋ ಒಂದು ಸಣ್ಣದು ಕೊಂಬು (ಅದೇ, ಕಚ್ಚೋ ಇಕ್ಕಳದಂಥ ಮುಂಗಾಲು) ಚಾಚ್ಕೊಂಡು ಕೂತಿತ್ತು, ಯಜಮಾನನ ತರ!

ಬಣ್ಣ ಹಚ್ಚಿದ್ದು ತಪ್ಪು ಅಂತ ಯಾರೋ ಬೈತೀರ, ಗೊತ್ತು. ಈಗ ಆಗಿದ್ರೆ ಹಚ್ತಿರ್ಲಿಲ್ಲ.

ಮೂಡಿಗೆರೆ_ಮೇಷ್ಟ್ರು

ಕಾಫಿಕಣ್ಣು ಸರಿಯಾಗೇ ನೋಡಿದಾರೆ. ನಾನು ಮೂವತ್ತು ವರ್ಷ ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿದವನು, ಸ್ವಲ್ಪ ಉದ್ದ ಆಗ್ತದೆ, ಸಹಿಸ್ಕೊಳಿ.

ಏಡಿ ಕಾಯೋದು ಗದ್ದೆನ ಅಲ್ಲ, ಬಿಲಾನ. ನಮ್ ಗದ್ದೆ ಏಡಿಗೆ ಬಿಲ ಅಂದ್ರೆ ಮನೆ, ಬಾವಿ, ಆಸ್ಪತ್ರೆ ಮೂರೂ ಹೌದು. ಬಾವಿ ಯಾಕೆ ಅಂದ್ರೆ ಏಡಿ ಉಸಿರಾಡೋದು ಕಿವಿರಿನಿಂದ, ಕಿವಿರು ಒಣಗಿದ್ರೆ ಕಥೆ ಮುಗೀತು, ಅದಕ್ಕೇ ನೀರು ಸಿಗೋ ಆಳದ ತನಕ ಕೊರೀತದೆ. ನೀವು ನೋಡಿರ್ಬೇಕು, ಹಿಡಿದು ಆಚೆ ಇಟ್ರೆ ಬಾಯಲ್ಲಿ ನೊರೆ ಬರ್ತದೆ, ಅದು ಕೋಪ ಅಲ್ಲ, ಒಳಗಿರೋ ಚೂರು ನೀರನ್ನೇ ಗಾಳಿ ಜೊತೆ ಮತ್ತೆ ಮತ್ತೆ ತಿರುಗಿಸ್ತಿರ್ತದೆ. ಸಿಹಿನೀರಿನ ಏಡಿಗಳಿಗೆ ಕಿವಿರಿನ ಗೂಡು ಸ್ವಲ್ಪ ಅಗಲವಾಗಿ ಶ್ವಾಸಕೋಶದ ಥರಾನೂ ಕೆಲಸ ಮಾಡೋದ್ರಿಂದ ಸಮುದ್ರದವಕ್ಕಿಂತ ಹೆಚ್ಚು ಹೊತ್ತು ನೆಲದ ಮೇಲೆ ತಡೀತಾವೆ. ಆಸ್ಪತ್ರೆ ಯಾಕೆ ಅಂದ್ರೆ ಪೊರೆ ಬಿಡೋದು ಒಳಗೇನೇ. ಚಿಪ್ಪು ನಮ್ ಚರ್ಮದ ಹಾಗೆ ಬೆಳೆಯಲ್ಲ, ಬೆಳೀಬೇಕಂದ್ರೆ ಹಳೇ ಚಿಪ್ಪು ಕಳಚಿ ಹೊಸದು ಹಾಕ್ಕೊಬೇಕು, ಹೊಸದು ಗಟ್ಟಿಯಾಗೋಕೆ ಕೆಲವು ದಿನ ಬೇಕು, ಆ ದಿನಗಳಲ್ಲಿ ಅದು ಮುಟ್ಟಿದ್ರೆ ನೆನೆದ ಚರ್ಮದ ಹಾಗೆ ಮೆತ್ತಗಿರ್ತದೆ. ಆಗ ಆಚೆ ಬಂದ್ರೆ ಪಕ್ಕದ ಮನೆ ಏಡಿನೇ ತಿಂದು ಹಾಕ್ತದೆ. ಕಳಚಿದ ಚಿಪ್ಪನ್ನೂ ಬಿಡಲ್ಲ, ಸುಣ್ಣದ ಅಂಶ ವಾಪಸ್ ಬರ್ಲಿ ಅಂತ ತಾನೇ ತಿಂತದೆ.

ಇಷ್ಟು ಬೆಲೆ ಬಾಳೋ ಮನೆ ಅಂದ್ಮೇಲೆ ಜಗಳ ಇದ್ದೇ ಇದೆ. ಆದ್ರೆ ನೇರವಾಗಿ ಕಚ್ಚಾಟ ಅಪರೂಪ. ಮೊದಲು ಎರಡೂ ಕೊಂಬು ಅಗಲಿಸಿ ಮೈ ಎತ್ತಿ ನಿಲ್ಲೋದು, ನಾನೆಷ್ಟು ದೊಡ್ಡೋನು ನೋಡು ಅಂತ. ಗಾತ್ರದಲ್ಲಿ ವ್ಯತ್ಯಾಸ ಕಂಡ್ರೆ ಚಿಕ್ಕದು ಅಲ್ಲೇ ಜಾಗ ಖಾಲಿ ಮಾಡ್ತದೆ. ಎರಡೂ ಒಂದೇ ಅಳತೆ ಇದ್ರೆ ಆವಾಗ ತಳ್ಳಾಟ, ಕೊಂಬಿಗೆ ಕೊಂಬು ಹಾಕಿ ಹಿಡಿಯೋದು, ಕಾಲು ಮುರಿಯೋದು. ಬಿಲದ ಒಳಗೆ ಕೂತಿರೋದಕ್ಕೆ ಸಾಮಾನ್ಯವಾಗಿ ಮೇಲುಗೈ, ಯಾಕಂದ್ರೆ ಅದಕ್ಕೆ ಬೆನ್ನು ಕಾಯೋ ಚಿಂತೆ ಇಲ್ಲ. ಕಾಲು ಹೋದ್ರೂ ಏಡಿಗೆ ಅಂಥಾ ನಷ್ಟ ಅಲ್ಲ, ಕಾಲಿನ ಬುಡದಲ್ಲಿ ಮುರಿಯೋಕೇ ಅಂತ ಒಂದು ಗೆರೆ ಇರ್ತದೆ, ಬೇಕಂತ ಕಳಚಿ ಓಡ್ತದೆ, ಮುಂದಿನ ಪೊರೆಗಳಲ್ಲಿ ಮತ್ತೆ ಚಿಗುರ್ತದೆ. ಒಂದು ಕೊಂಬು ದೊಡ್ಡದು ಒಂದು ಚಿಕ್ಕದು ಇರೋದನ್ನ ನೋಡಿ ಚಿಕ್ಕದೆಲ್ಲಾ ಹೊಸದಾಗಿ ಹುಟ್ಟಿದ್ದು ಅನ್ಕೋಬೇಡಿ, ಗಂಡಲ್ಲಿ ಹುಟ್ಟಾ ಹಾಗೇ ಒಂದು ದಪ್ಪ ಇರೋದು ಸಾಮಾನ್ಯ.

ಆದ್ರಿಂದ ಹಾನುಬಾಳು ಅವರೇ, ನೀವು ಏಡಿ ಹಿಡಿಯೋದು ಅಂದ್ರೆ ಮನೆ ಖಾಲಿ ಮಾಡಿಸಿ ಕೊಟ್ಟಂಗೆ. ಮನೆ ಇಲ್ದೇ ಅಲೆಯೋ ಸಣ್ಣ ಏಡಿಗಳು ಅಕ್ಕಪಕ್ಕ ಕಾಯ್ತಾನೇ ಇರ್ತಾವೆ.

ಹಾನುಬಾಳ್_ಗದ್ದೆ

ಮೇಷ್ಟ್ರೇ ಅರ್ಥ ಆಯ್ತು, ನಾನು ಇಷ್ಟು ದಿನ ಬ್ರೋಕರ್ ಕೆಲಸ ಮಾಡಿದೀನಿ ಅಂತಾಯ್ತು 🙏 ಆದ್ರೂ ಒಂದು ಪ್ರಶ್ನೆ ಹಂಗೇ ಉಳೀತು. ಹೊಸ ತೂತು ಕೊರೆಯೋದು ಅದಕ್ಕೇನು ಕಷ್ಟನಾ? ಆ ಜಾಗನೇ ಯಾಕೆ?

ಸ್ಪ್ರೇಯರ್_ಸೀನ

ಇಷ್ಟೆಲ್ಲಾ ಪುರಾಣ ಯಾಕ್ರೀ. ಒಂದು ಚಮಚ ಫೋರೇಟ್ ಕೀಟನಾಶಕದ ಹರಳು ತೂತಿಗೆ ಹಾಕಿ ಕೆಸರು ಮೆತ್ತಿ. ನಮ್ಮಪ್ಪ ಅದನ್ನೇ ಮಾಡ್ತಿದ್ದಿದ್ದು. ಬೆಳಗ್ಗೆ ಎಲ್ಲಾ ಕ್ಲೀನ್.

ನೀರ್ನಾಯಿ_ಭದ್ರಾ

ಎಲ್ಲಾ ಕ್ಲೀನ್, ಹೌದು ಸೀನಣ್ಣ. ಮೀನು ಕ್ಲೀನ್, ಕಪ್ಪೆ ಕ್ಲೀನ್, ಆ ಸತ್ತ ಏಡಿ ತಿಂದ ಕೊಕ್ಕರೆ ಕ್ಲೀನ್. 2020ರ ಕೊನೆಗೇ ಫೋರೇಟ್ ಬಳಕೆ ದೇಶದಲ್ಲಿ ಪೂರ್ತಿ ನಿಲ್ಲಿಸಿದಾರೆ, ಇನ್ನೂ ಯಾವುದೋ ಅಂಗಡಿ ಹಿಂದಿನ ರೂಮಿಂದ ತಂದು ಹಾಕೋದಾದ್ರೆ ಅದು ನಿಮ್ ಕೈ, ನಿಮ್ ಬಾವಿ.

ನಮ್ ತೋಟ ಬಾಳೆಹೊನ್ನೂರು ಹತ್ರ, ಕೆಳಗಡೆ ಹಳ್ಳ ಇದೆ. ನಾನು ಚಿಕ್ಕವಳಿದ್ದಾಗ ಹಳ್ಳದ ಬಂಡೆ ಮೇಲೆ ನೀರುನಾಯಿ ಹಿಕ್ಕೆ ಬಿದ್ದಿರೋದು, ಕಡ್ಡೀಲಿ ಬಿಡಿಸಿ ನೋಡಿದ್ರೆ ಪೂರಾ ಏಡಿ ಚಿಪ್ಪಿನ ಚೂರು, ಕೆಂಪು ಕೆಂಪಗೆ. ನಮ್ ಘಟ್ಟದ ಹಳ್ಳಗಳಲ್ಲಿ ಇರೋದು ಚಿಕ್ಕ ಜಾತಿ ನೀರುನಾಯಿ, ಪ್ರಪಂಚದಲ್ಲೇ ಅತಿ ಚಿಕ್ಕದು, ಅದಕ್ಕೆ ಮೀನಿಗಿಂತ ಏಡಿನೇ ಮುಖ್ಯ ಊಟ. ಕಲ್ಲಿನ ಸಂದಿಗೆ ಕೈ ಹಾಕಿ ತಡಕಾಡಿ, ಥೇಟ್ ನಮ್ ಹುಡುಗರು ಹಿಡಿಯೋ ಹಂಗೇ ಹಿಡೀತದೆ. ಮಧ್ಯೆ ಒಂದಷ್ಟು ವರ್ಷ ಮೇಲಿನ ಗದ್ದೆಗಳಿಗೆಲ್ಲಾ ಶುಂಠಿ ಬಂತು, ಆ ಔಷಧಿ ನೀರೆಲ್ಲಾ ಹಳ್ಳಕ್ಕೆ. ಕಲ್ಲು ಎತ್ತಿದ್ರೆ ಏಡಿ ಇಲ್ಲ, ಬಂಡೆ ಮೇಲೆ ಹಿಕ್ಕೆನೂ ಇಲ್ಲ. ಯಾವುದು ಯಾವುದರಿಂದ ಹೋಯ್ತು ಅಂತ ನಾನೇನು ಲ್ಯಾಬಲ್ಲಿ ಟೆಸ್ಟ್ ಮಾಡ್ಸಿಲ್ಲ, ಕಂಡಿದ್ದು ಹೇಳ್ದೆ ಅಷ್ಟೇ. ಹೋದ ವರ್ಷ ಮತ್ತೆ ಒಂದು ಹಿಕ್ಕೆ ಸಿಕ್ತು. ಫೋಟೋ ತೆಗೆದು ಮನೆಯೋರಿಗೆಲ್ಲಾ ಕಳ್ಸಿದೆ, ಹೇಲಿನ ಫೋಟೋ ಕಳಿಸ್ತಾಳೆ ಅಂತ ನಮ್ಮತ್ತೆ ಬೈದ್ರು.

ಸ್ಪ್ರೇಯರ್_ಸೀನ

ಅಯ್ತು ಬಿಡಿ ಮೇಡಂ. ನಾನೂ ಈಗ ಹಾಕಲ್ಲ, ಹಳೇದು ಹೇಳ್ದೆ.

ಕೊಪ್ಪದ_ಕೂಸು

ಯಾರಾದ್ರೂ ಜಾತಿ ಬಗ್ಗೆ ಹೇಳಿ ಮಾರಾಯ್ರೆ. ನಂಗೆ ಗೊತ್ತಿರೋದು ಎರಡೇ, ಗದ್ದೆ ಏಡಿ ಮತ್ತೆ ಹಳ್ಳದ ಕಲ್ಲೇಡಿ. ಗದ್ದೇದು ಮಣ್ಣಿನ ಬಣ್ಣ, ಚಿಪ್ಪು ಉಬ್ಬು. ಕಲ್ಲೇಡಿ ಕಪ್ಪು, ಕಾಲು ಉದ್ದ, ಕಚ್ಚಿದ್ರೆ ಗುಡುಗು ಬರೋ ತನಕ ಬಿಡಲ್ಲ ಅಂತ ನಮ್ಮಜ್ಜ.

ಮೂಡಿಗೆರೆ_ಮೇಷ್ಟ್ರು

ಗುಡುಗಿಗೆ ಕಾಯ್ಬೇಡ ಮಗಾ, ಕೈಯನ್ನ ನೀರಲ್ಲಿ ಮುಳುಗಿಸಿ ಅಲ್ಲಾಡಿಸ್ದೇ ಹಿಡ್ಕೋ, ತಾನಾಗೇ ಬಿಟ್ಟು ಓಡ್ತದೆ. ಎಳೆದಾಡಿದ್ರೆ ಇನ್ನೂ ಬಿಗೀತದೆ.

ಜಾತಿ ವಿಷಯ. ಪ್ರಪಂಚದಲ್ಲಿ ಬರೀ ಸಿಹಿನೀರಲ್ಲೇ ಹುಟ್ಟಿ ಸಿಹಿನೀರಲ್ಲೇ ಸಾಯೋ ಏಡಿ 1,300ಕ್ಕೂ ಹೆಚ್ಚು ಜಾತಿ ಇದಾವೆ. ನಮ್ ಕಡೆ ಗದ್ದೆ, ಕೆರೆ ಅಂಗಳದಲ್ಲಿ ದೊಡ್ಡದಾಗಿ ಸಿಗೋದರಲ್ಲಿ ಬ್ಯಾರಿಟೆಲ್ಫೂಸಾ ಅನ್ನೋ ಕುಲದವು ಮುಖ್ಯ. ಅದರಲ್ಲಿ ಒಂದರ ಹೆಸರು ಕ್ಯುನಿಕ್ಯುಲಾರಿಸ್. ಲ್ಯಾಟಿನ್‌ನಲ್ಲಿ ಕ್ಯುನಿಕ್ಯುಲಸ್ ಅಂದ್ರೆ ಮೊಲ, ಸುರಂಗ ಅಂತಾನೂ ಅರ್ಥ. ಹೆಸರಿಟ್ಟವನ ಗದ್ದೇಲೂ ನೀರು ಸೋರ್ತಿತ್ತೋ ಏನೋ. ಘಟ್ಟದ ಮೇಲೆ ಬಂಡೆ ಸಂದಿ, ಮರದ ಪೊಟರೆ, ಜಂಬಿಟ್ಟಿಗೆ ತೂತಲ್ಲಿ ಇರೋ ಸಣ್ಣ ಬಣ್ಣದ ಏಡಿಗಳು ಬೇರೇನೇ. ಘಾಟಿಯಾನಾ ಅಂತ ಕುಲದ ಹೆಸರೇ ಘಟ್ಟದಿಂದ ಬಂದಿದ್ದು. ಯಲ್ಲಾಪುರದ ಕಾಡಲ್ಲಿ ಬಿಳಿ ಮತ್ತೆ ನೇರಳೆ ಎರಡು ಬಣ್ಣದ ಏಡಿ ಸಿಕ್ಕಿ 2022ರಲ್ಲಿ ಅದಕ್ಕೆ 'ದ್ವಿವರ್ಣ' ಅಂತಾನೇ ಹೆಸರಿಟ್ರು, ಪೇಪರ್‌ನಲ್ಲೂ ಬಂದಿತ್ತು. ಇವುಗಳಲ್ಲಿ ಬಹಳಷ್ಟು ಒಂದೊಂದು ಗುಡ್ಡಕ್ಕೆ ಮಾತ್ರ ಸೀಮಿತ. ಅದಕ್ಕೆ ಕಾರಣನೂ ಇದೆ, ಸಮುದ್ರದ ಏಡಿ ಲಕ್ಷಗಟ್ಟಲೆ ಮೊಟ್ಟೆ ಇಡ್ತದೆ, ಮರಿ ಅಂದ್ರೆ ಏಡಿ ಆಕಾರನೇ ಇರಲ್ಲ, ಧೂಳಿನ ಹಾಗೆ ನೀರಲ್ಲಿ ತೇಲ್ಕೊಂಡು ಎಲ್ಲೆಲ್ಲಿಗೋ ಹೋಗ್ತದೆ. ನಮ್ ಸಿಹಿನೀರಿನವಕ್ಕೆ ಆ ತೇಲೋ ಹಂತನೇ ಇಲ್ಲ. ಮೊಟ್ಟೆ ಕಡಿಮೆ, ಒಡೆದಾಗ ಸೀದಾ ಪುಟಾಣಿ ಏಡಿ, ಅದೂ ಸ್ವಲ್ಪ ದಿನ ಅಮ್ಮನ ಹೊಟ್ಟೆ ಕೆಳಗೇ. ಹಿಂಗಾಗಿ ಒಂದು ಹಳ್ಳದ್ದು ಇನ್ನೊಂದು ಹಳ್ಳಕ್ಕೆ ಹೋಗೋದು ಕಷ್ಟ, ಒಂದು ಗುಡ್ಡ ಕೊರೆದು ಹಾಕಿದ್ರೆ ಆ ಜಾತಿನೇ ಹೋದ್ರೂ ಹೋಯ್ತು.

ಬೇಲೂರಕ್ಕ

ಮೇಷ್ಟ್ರು ಹೇಳಿದ ಹೊಟ್ಟೆ ಕೆಳಗಿನ ಮರಿ ನಾನು ನೋಡಿದೀನಿ. ನಾವು ನಳ್ಳಿ ಅಂತೀವಿ, ಏಡಿ ಅನ್ನೋದು ಮಲೆನಾಡು ಸೇರಿದ್ ಮೇಲೆ ಅಭ್ಯಾಸ ಆಯ್ತು. ಯಗಚಿ ಕಾಲುವೆ ಹತ್ರ ಯಾರೋ ಹಿಡಿದು ತಂದಿದ್ರು, ತೊಳೆಯೋಕೆ ಅಂತ ಮಗುಚಿದೆ, ಹೊಟ್ಟೆ ಮೇಲಿನ ಮುಚ್ಚಳ ದುಂಡಗೆ ಅಗಲಕ್ಕೆ ಇತ್ತು, ಹೆಣ್ಣು ಅಂತ ಗೊತ್ತಾಯ್ತು (ಗಂಡಿಗೆ ಕಿರಿದಾಗಿ ಚೂಪಾಗಿರ್ತದೆ, ಅದೇ ಗುರುತು, ಅಂಗಡಿಯೋರು ಬೇರೆ ಏನೇನೋ ಹೇಳ್ತಾರೆ ನಂಬ್ಬೇಡಿ). ಹೆಬ್ಬೆರಳಲ್ಲಿ ಮುಚ್ಚಳ ಎತ್ತಿದ್ರೆ ಒಳಗೆ ರಾಗಿ ಚೆಲ್ಲಿದಂಗೆ ಏನೋ ಕಂಡ್ತು, ಕಸ ಅನ್ಕೊಂಡು ನೀರು ಬಿಟ್ಟೆ, ಆ ರಾಗಿಗೆಲ್ಲಾ ಕಾಲು ಬಂತು! ಸಿಂಕ್ ತುಂಬಾ ಓಡಾಡ್ತಾವೆ, ಒಂದೊಂದಕ್ಕೂ ಸೂಜಿ ಮೊನೆಯಷ್ಟು ಕೊಂಬು, ನನ್ ಬೆರಳಿಗೆ ತಗುಲಿದ್ರೆ ಕೊಂಬೆತ್ತಿ ಹೆದರಿಸ್ತಾವೆ ಬೇರೆ. ಅವತ್ತು ಬೇಳೆ ಸಾರು ಮಾಡಿದೆ. ತಾಯಿ ಮರಿ ಎಲ್ಲಾ ಚೆಂಬಲ್ಲಿ ತುಂಬ್ಕೊಂಡು ಹೋಗಿ ಕಾಲುವೆಗೆ ಬಿಟ್ಟು ಬಂದೆ. ಅದಾದ್ಮೇಲೆ ಮಳೆಗಾಲದಲ್ಲಿ ಹೆಣ್ಣು ಸಿಕ್ಕಿದ್ರೆ ಮಗುಚಿ ನೋಡ್ದೇ ಪಾತ್ರೆಗೆ ಹಾಕಲ್ಲ.

ಸಾರಿನ ವಿಷಯ ಕೇಳಿದ್ರಿ ಅಂದ್ರೆ, ಕೊಂಬು ಕಾಲು ಬೇರೆ ಮಾಡಿ ಸಣ್ಣ ಕಾಲೆಲ್ಲಾ ಒರಳಲ್ಲಿ ಕುಟ್ಟಿ ಸೋಸಿ ಆ ರಸ ಸಾರಿಗೆ ಬಿಟ್ರೇನೇ ರುಚಿ. ಅಮಾವಾಸ್ಯೆಗೆ ತುಂಬಿರ್ತದೆ ಹುಣ್ಣಿಮೆಗೆ ಪೊಳ್ಳು ಅಂತಾರೆ, ನನ್ ಅನುಭವದಲ್ಲಿ ಪೊರೆ ಬಿಟ್ಟು ಹೊಸದಾಗಿರೋದು ಯಾವ ತಿಥೀಲಿ ಹಿಡಿದ್ರೂ ಪೊಳ್ಳೇ. ಚಿಪ್ಪು ಕ್ಲೀನಾಗಿ ಹೊಳೀತಿದ್ರೆ ತಗೋಬೇಡಿ, ಹಳೇದಾಗಿ ಪಾಚಿ ಹಿಡಿದಿರೋದೇ ತೂಕ.

ಪಿಎಚ್‌ಸಿ_ಸಿಸ್ಟರ್

ಅಕ್ಕ, ಆ ರಸ ಚೆನ್ನಾಗಿ ಕುದಿಸ್ತೀರ ತಾನೇ? ಕೇಳೋಕೆ ಕಾರಣ ಇದೆ. ಕೆಮ್ಮು ದಮ್ಮು ಅಂತ ಮಕ್ಕಳಿಗೆ ಹಸಿ ಏಡಿ ಜಜ್ಜಿ ರಸ ಕುಡ್ಸೋ ಅಭ್ಯಾಸ ಇನ್ನೂ ಕೆಲವು ಕಡೆ ಇದೆ. ದಯವಿಟ್ಟು ಬೇಡ. ಸಿಹಿನೀರಿನ ಏಡಿ ಮೈಯಲ್ಲಿ ಶ್ವಾಸಕೋಶಕ್ಕೆ ಸೇರೋ ಒಂದು ಚಪ್ಪಟೆ ಹುಳದ ಮರಿ ಇರೋ ಸಾಧ್ಯತೆ ಇರ್ತದೆ, ಪ್ಯಾರಗೋನಿಮಸ್ ಅಂತ. ಬಸವನಹುಳು, ಆಮೇಲೆ ಏಡಿ, ಆಮೇಲೆ ಮನುಷ್ಯ, ಅದರ ದಾರಿ ಅದು. ಹಸಿಯಾಗಿ ಇಲ್ಲಾ ಅರೆಬೆಂದದ್ದು ತಿಂದ್ರೆ ತಿಂಗಳಾನುಗಟ್ಟಲೆ ಕೆಮ್ಮು, ಕಫದಲ್ಲಿ ರಕ್ತ, ಟಿಬಿ ಅಂತ ತಪ್ಪಾಗಿ ಔಷಧಿ ಕೊಡೋದೂ ಉಂಟು. ನಮ್ ದೇಶದಲ್ಲಿ ಮಣಿಪುರದ ಕಡೆ ಜಾಸ್ತಿ ಕಂಡಿದೆ. ಕೆಮ್ಮಿಗೆ ಕೊಟ್ಟ ಔಷಧಿನೇ ಕೆಮ್ಮು ತರ್ತದೆ ಅಂದ್ರೆ ಹೆಂಗಿರ್ತದೆ. ಏಡಿ ಹೆಚ್ಚಿದ ಚಾಕು ಮಣೆ ತೊಳೆಯದೇ ಸೌತೆಕಾಯಿ ಹೆಚ್ಬೇಡಿ. ಚೆನ್ನಾಗಿ ಬೇಯಿಸಿ ತಿಂದ್ರೆ ಏನೂ ಭಯ ಇಲ್ಲ, ನಾನೂ ತಿಂತೀನಿ.

ಬೇಲೂರಕ್ಕ

ಕುದಿಸ್ತೀನಮ್ಮಾ, ನಮ್ಮನೇಲಿ ಅರ್ಧ ಗಂಟೆ ಕೊತಕೊತ ಅನ್ಬೇಕು. ಆದ್ರೆ ಚಾಕು ವಿಷಯ ಗೊತ್ತಿರ್ಲಿಲ್ಲ.

ಕುಡ್ಲ_ಟು_ಘಟ್ಟ

ನಾನು ಮಂಗಳೂರಿಂದ ಚಿಕ್ಕಮಗಳೂರಿಗೆ ಮದುವೆ ಆಗಿ ಬಂದವಳು, ನಮ್ಮ ತುಳುವಲ್ಲಿ ದೆಂಜಿ. ಇಲ್ಲಿ ಮಾರ್ಕೆಟ್‌ಗೆ ಐಸ್ ಹಾಕಿ ಬರೋದೆಲ್ಲಾ ಸಮುದ್ರದ್ದು, ನಿಮ್ಮ ಗದ್ದೆ ಏಡಿಗೂ ಅದಕ್ಕೂ ಸಂಬಂಧ ಇಲ್ಲ. ಹಿಂದಿನ ಕಾಲು ನೋಡಿ, ಕೊನೇ ಜೋಡಿ ದೋಣಿ ಹುಟ್ಟಿನ ತರ ಚಪ್ಪಟೆ ಇದ್ರೆ ಅದು ಈಜೋ ಏಡಿ. ಬೆನ್ನ ಮೇಲೆ ಮೂರು ಕೆಂಪು ಚುಕ್ಕಿ ಇರೋದು ಒಂದು, ನೀಲಿ ಕಾಲಿಂದು ಒಂದು, ಬೆನ್ನಲ್ಲಿ ಶಿಲುಬೆ ಗುರುತು ಇರೋದು ಇನ್ನೊಂದು. ಅಳಿವೆ ಕೆಸರಲ್ಲಿ ಸಿಗೋ ದೊಡ್ಡ ಹಸಿರು ಕಪ್ಪಿನದಕ್ಕೆ ರೇಟ್ ಜಾಸ್ತಿ, ಅದನ್ನ ಹಗ್ಗ ಕಟ್ಟಿ ಜೀವಂತ ಮಾರ್ತಾರೆ, ಕೊಂಬು ಬಿಚ್ಚಿದ್ರೆ ಬೆರಳಿನ ಆಸೆ ಬಿಟ್ಬಿಡಿ.

ಗಡಿ ಜಗಳ ನೋಡ್ಬೇಕಂದ್ರೆ ನೀವು ಘಟ್ಟ ಇಳೀಬೇಕು. ಅಳಿವೆ ಬಾಗಿಲ ಕೆಸರಲ್ಲಿ ಇಳಿತದ ಹೊತ್ತಿಗೆ ಸಣ್ಣ ಏಡಿಗಳು ಸಾವಿರ ಸಾವಿರ ಬರ್ತಾವೆ, ಗಂಡಿಗೆ ಒಂದು ಕೊಂಬು ಮೈಯಷ್ಟೇ ದೊಡ್ಡದು, ಇನ್ನೊಂದು ಚಮಚದ ತರ ಪುಟ್ಟದು, ಊಟಕ್ಕೆ ಅದೇ. ದೊಡ್ಡ ಕೊಂಬು ಎತ್ತಿ ಇಳಿಸಿ ಎತ್ತಿ ಇಳಿಸಿ, ಬಸ್ಸಿಗೆ ಕೈ ಅಡ್ಡ ಹಾಕಿದಂಗೆ. ಹೆಣ್ಣನ್ನ ಕರೆಯೋಕೂ ಅದೇ, ಪಕ್ಕದವನಿಗೆ ಲೈನ್ ದಾಟ್ಬೇಡ ಅನ್ನೋಕೂ ಅದೇ.

ಮೂಡಿಗೆರೆ_ಮೇಷ್ಟ್ರು

ಅದು ಫಿಡ್ಲರ್ ಏಡಿ, ಪಿಟೀಲು ಬಾರಿಸಿದಂಗೆ ಕಾಣ್ತದೆ ಅಂತ ಆ ಹೆಸರು. ಅದರ ಬಗ್ಗೆ 2004ರಲ್ಲಿ ನೇಚರ್ ಪತ್ರಿಕೇಲಿ ಆಸ್ಟ್ರೇಲಿಯಾದ ಒಂದು ಅಧ್ಯಯನ ಬಂತು, ನಂಗೆ ಈಗ್ಲೂ ಬಹಳ ಇಷ್ಟ. ಪಕ್ಕದ ಚಿಕ್ಕ ಏಡಿ ಜಾಗಕ್ಕೆ ಹೊರಗಿನದೊಂದು ನುಗ್ಗಿದ್ರೆ, ನೆರೆಮನೆ ದೊಡ್ಡ ಏಡಿ ತನ್ನ ಬಿಲ ಬಿಟ್ಟು ಬಂದು ಚಿಕ್ಕದರ ಪರ ಜಗಳ ಆಡ್ತದಂತೆ. ಧರ್ಮಕ್ಕಲ್ಲ ಮತ್ತೆ. ಹಳೇ ನೆರೆಯವನ ಜೊತೆ ಗಡಿ ಒಪ್ಪಂದ ಆಗಿಹೋಗಿದೆ, ಹೊಸಬ ಬಂದ್ರೆ, ಅದೂ ಇವನಿಗಿಂತ ಗಟ್ಟಿ ಇದ್ರೆ, ಮತ್ತೆ ಮೊದಲಿಂದ ಗುದ್ದಾಡ್ಬೇಕು. ಯಾಕೆ ಬೇಕು ತಾಪತ್ರಯ ಅಂತ.

ಅರಸೀಕೆರೆ_ಎಕ್ಸ್‌ಪ್ರೆಸ್

ನಮ್ಮ ಅಂಚಿನ ಗದ್ದೆಯವನಿಗೆ ಈ ಪೋಸ್ಟ್ ಕಳಿಸ್ತೀನಿ ಮೇಷ್ಟ್ರೇ. ಮತ್ತೆ ಎಲ್ರೂ 'ನಮ್ಮೋರದ್ದು ಏಡಿ ಬುದ್ಧಿ, ಮೇಲೆ ಹೋಗೋನ ಕಾಲೆಳೀತಾರೆ' ಅಂತಾರಲ್ಲ, ಸುಳ್ಳಾ ಅದು?

ಕಾಫಿಕಣ್ಣು (ಆಲ್ದೂರು)

ಬಕೆಟ್‌ನಲ್ಲಿ ಹಾಕಿ ಆ ಮಾತು ಹೇಳೋದೇ ತಪ್ಪು ಗುರು. ನುಣ್ಣನೆ ಪ್ಲಾಸ್ಟಿಕ್, ಕಾಲು ಸಿಗಲ್ಲ, ಎದುರಿಗೆ ಸಿಕ್ಕಿದ್ದನ್ನ ಹಿಡ್ಕೊಳ್ತದೆ, ಅದು ಇನ್ನೊಂದರ ಕಾಲಾಗಿರ್ತದೆ. ಮುಳುಗ್ತಿರೋನು ಪಕ್ಕದವನ ಅಂಗಿ ಹಿಡಿದಂಗೆ. ಹಳ್ಳದ ಬಂಡೆ ಮೇಲೆ ಯಾವ ಏಡಿನೂ ಯಾವುದನ್ನೂ ಎಳೆದಿದ್ದು ನಾನು ಕಂಡಿಲ್ಲ.

ಹಾನುಬಾಳ್_ಗದ್ದೆ (ಗುರುವಾರ, ರಾತ್ರಿ 8:15)

ಅಪ್ಡೇಟ್ ಇದೆ. ಮಗಳ ಬಕೆಟ್ ಏಡಿ ಮೊದ್ಲು. ನಿನ್ನೆ ರಾತ್ರಿ 'ಅಪ್ಪಾ ಏಡಿ ಎರಡಾಗಿದೆ' ಅಂತ ಕೂಗಿದ್ಲು. ಹೋಗಿ ನೋಡಿದ್ರೆ ನಿಜಕ್ಕೂ ಎರಡು, ಒಂದು ಅಲ್ಲಾಡ್ತಿಲ್ಲ. ಎತ್ತಿದ್ರೆ ತೂಕನೇ ಇಲ್ಲ, ಬೆನ್ನಿನ ಹಿಂದೆ ಬಾಯಿ ತೆರೆದಂಗೆ ಸೀಳಿದೆ, ಕಣ್ಣಿನ ಗೂಡು, ಕಾಲಿನ ತುದಿ ಉಗುರು, ಬಾಯಿ ಹತ್ರದ ಕೂದಲು ಎಲ್ಲಾ ಇದ್ದಂಗೇ ಇದೆ, ಒಳಗಿರೋನು ಮಾತ್ರ ಇಲ್ಲ. ಅವನು ಮೂಲೇಲಿ ಕಲ್ಲಿನ ಕೆಳಗೆ, ತಿಳಿ ಬಣ್ಣ, ಮೊದ್ಲಿಗಿಂತ ಕಾಲು ಭಾಗ ದೊಡ್ಡವನಾಗಿ ಕೂತಿದ್ದ. ಅಷ್ಟು ದೊಡ್ಡದು ಆ ಸಂದೀಲಿ ಹೆಂಗೆ ಆಚೆ ಬಂತು ಅಂತ ಮಗಳು ಕೇಳಿದ್ಲು, ನಂಗೂ ಗೊತ್ತಾಗ್ಲಿಲ್ಲ. ಬೆಳಗ್ಗೆ ಹೊತ್ತಿಗೆ ಆ ಚಿಪ್ಪಲ್ಲಿ ಎರಡು ಕಾಲು ತಿಂದು ಮುಗಿಸಿತ್ತು.

ಈಗ ಗದ್ದೆ. ತೂತು ಪೂರ್ತಿ ಅಗೆದೇ ಬಿಡೋಣ ಅಂತ ಇವತ್ತು ಗುದ್ದಲಿ ತಗೊಂಡು ಹೋದೆ. ಹಾವು ಇರ್ತದೆ ಅಂತ ಕೈ ಹಾಕ್ದೇ ಮೊದ್ಲು ಬಿದಿರು ಕಡ್ಡಿ ಬಿಟ್ಟೆ, ಮೊಳಕೈ ಉದ್ದ ಹೋದ್ಮೇಲೆ ಓರೆಯಾಗಿ ಕೆಳಗೆ ತಿರುಗ್ತದೆ, ಅಲ್ಲಿಂದ ಕಡ್ಡಿ ಸಲೀಸಾಗಿ ಹೋಗ್ತಾನೇ ಇದೆ, ಹೋಗ್ತಾನೇ ಇದೆ. ಏಡಿ ಇಷ್ಟುದ್ದ ಯಾಕೆ ಕೊರೀತಪ್ಪಾ ಅಂತ ಅಂಚು ಬಿಚ್ಚಿದ್ರೆ ಎರಡಡಿ ಕೆಳಗೆ ಕಪ್ಪಗೆ ಕೊಳೆತ ಮರ. ಬೈನೆ ಮರದ್ದು! ಒಳಗೆಲ್ಲಾ ಟೊಳ್ಳು. ಅಪ್ಪ ಕೊಡೆ ಹಿಡ್ಕೊಂಡು ಬಂದ್ರು, ನೋಡಿದ್ರು, ಸ್ವಲ್ಪ ಹೊತ್ತು ಏನೂ ಮಾತಾಡ್ಲಿಲ್ಲ. ಆಮೇಲೆ 'ಇದು ನಿಮ್ ತಾತ ಹಾಕ್ಸಿದ್ದು ಕಣೋ, ಕೆಳಗಿನ ಗದ್ದೆಗೆ ನೀರು ಬಿಡೋಕೆ, ಆಗ ಸಿಮೆಂಟ್ ಪೈಪ್ ಎಲ್ಲಿತ್ತು' ಅಂದ್ರು. ಅಪ್ಪನಿಗೇ ಮರೆತೋಗಿತ್ತು.

ಅಂದ್ರೆ ನೀರು ಹೋಗ್ತಿದ್ದಿದ್ದು ತಾತನ ಪೈಪಲ್ಲಿ. ಮಣ್ಣು ಅಲ್ಲೇ ಮೆತ್ತಗೆ, ಅಲ್ಲೇ ಯಾವಾಗ್ಲೂ ತೇವ, ಒಳಗೆ ರೆಡಿ ಮನೆ. ಏಡಿ ಕೊರೀತಿದ್ದಿದ್ದು ಬಾಗಿಲು ಮಾತ್ರ.

ಮೂಡಿಗೆರೆ_ಮೇಷ್ಟ್ರು

ಬಲೇ! ನಿಮ್ಮ 'ಆ ಜಾಗನೇ ಯಾಕೆ' ಅನ್ನೋ ಪ್ರಶ್ನೆಗೆ ನಾನು ಉತ್ತರ ಕೊಡದೇ ಜಾರ್ಕೊಂಡಿದ್ದೆ, ಗುದ್ದಲಿ ಕೊಡ್ತು ನೋಡಿ.

ನೀರ್ನಾಯಿ_ಭದ್ರಾ

ಒಳಗೆ ಏಡಿ ಇತ್ತಾ?

ಹಾನುಬಾಳ್_ಗದ್ದೆ

ಮೂರು ಇದ್ವು. ಒಂದೇ ಕಡೆ ಅಲ್ಲ, ಪೈಪಿನ ಈ ತುದೀಲಿ ಒಂದು, ಆ ತುದೀಲಿ ಒಂದು, ಮಧ್ಯೆ ಒಡೆದಿರೋ ಜಾಗದಲ್ಲಿ ಒಂದು ಚೋಟುದ್ದ ಇಲ್ದಿದ್ದು. ಗಡಿ ಸರ್ವೆ ಆಗಿತ್ತು ಅನ್ಸುತ್ತೆ. ಹಿಡಿದು ಹಳ್ಳಕ್ಕೆ ಬಿಟ್ಟೆ. ಬೈನೆ ತೆಗೆದು ಕಲ್ಲು ತುಂಬಿ, ಜೇಡಿ ಮಣ್ಣು ತುಳಿದು ಮೆತ್ತಿದೀವಿ, ಅಂಚನ್ನೂ ಮೊದ್ಲಿಗಿಂತ ಒಂದಡಿ ದಪ್ಪ ಮಾಡಿದೆ. ಸಸಿ ಕಡೀತಾವೆ ಅಂತ ಅಪ್ಪ ಇನ್ನೊಂದು ಹೇಳಿದ್ರು, ನಾಟಿ ಆದ್ಮೇಲೆ ಒಂದು ವಾರ ನೀರು ತೆಳ್ಳಗೆ ಇಡ್ಬೇಕು, ಸಸಿನೂ ಎಳೇದು ಕೀಳ್ಬಾರ್ದು, ಸ್ವಲ್ಪ ಬಲಿತಿರ್ಲಿ ಅಂತ.

ಸ್ಪ್ರೇಯರ್_ಸೀನ

ಇನ್ನೂ ಕಾಟ ಕೊಟ್ರೆ ಹಳೇ ಬಕೆಟ್‌ನ ಬಾಯಿ ನೆಲದ ಮಟ್ಟಕ್ಕೆ ಬರೋ ಹಂಗೆ ಅಂಚಿನ ಪಕ್ಕ ಹೂತು ಒಳಗೆ ಒಂದು ಹಿಡಿ ತೌಡು ಹಾಕಿ. ರಾತ್ರಿ ಬಂದು ಬೀಳ್ತಾವೆ, ಹತ್ತೋಕಾಗಲ್ಲ. ಬೆಳಗ್ಗೆ ಎತ್ಕೊಂಡು ಹೋಗಿ ಏನ್ ಬೇಕಾದ್ರೂ ಮಾಡ್ಕೊಳಿ. ಇದಕ್ಕೆ ಔಷಧಿ ಏನೂ ಬೇಡ ಮೇಡಂ.

ನೀರ್ನಾಯಿ_ಭದ್ರಾ

👍 ಸೀನಣ್ಣ, ಇದು ನಾನೂ ಮಾಡ್ತೀನಿ.

ಅರಸೀಕೆರೆ_ಎಕ್ಸ್‌ಪ್ರೆಸ್

ಮೂರೂ ಹಳ್ಳಕ್ಕೆ ಬಿಟ್ರಾ? ಮೂರೂ?

ಕೊಪ್ಪದ_ಕೂಸು

ಅಣ್ಣಾ ಆ ಬೈನೆ ಪೈಪ್ ಎಷ್ಟುದ್ದ ಇತ್ತು? ನಮ್ ಗದ್ದೇಲೂ ಒಂದು ಕಡೆ ಹಿಂಗೇ ಮೂರು ವರ್ಷದಿಂದ ಸೋರ್ತಿದೆ, ನಾವೂ ಏಡಿನೇ ಬೈತಿದೀವಿ.

ಹಾನುಬಾಳ್_ಗದ್ದೆ

ಸಿಕ್ಕಿದ್ದು ಹನ್ನೆರಡಡಿ, ಮಿಕ್ಕಿದ್ದು ಮಣ್ಣಾಗಿತ್ತು. ಅಗೆಯೋ ಮುಂಚೆ ಮನೇಲಿ ಹಿರಿಯರು ಇದ್ರೆ ಕರ್ಕೊಂಡು ಹೋಗಿ ಅಂಚಿನ ಮೇಲೆ ನಿಲ್ಸಿ. ನಮ್ಮಪ್ಪಂಗೆ ಅದನ್ನ ನೋಡಿದ್ಮೇಲೆ ಇನ್ನೂ ಎರಡು ಕಡೆ ಹಾಕ್ಸಿದ್ದು ನೆನಪಾಗಿದೆ. ನಾಳೆ ಅದು.